ಪ್ರಾಪ್ತಿಯ ಬಗ್ಗೆ ನಾನು ಬರೆದದ್ದು

ಫೆಬ್ರವರಿ 12, ಬುಧವಾರ

ಇವತ್ತೂ ಮೊದಲ ಕೆಲಸ ಚೀಟಿ. ಅಂಗೈಯಷ್ಟು ಕಾಗದ. ದಿನದ ಏಳು ಪೀರಿಯಡ್, ಯಾವ ಟೀಚರ್, ಯಾವ ರೂಮ್. ಕೊನೆಯ ಸಾಲಿನಲ್ಲಿ ‘ಮನೆ’. ಒಂಬತ್ತನೇ ಬಿ, ಕಿಟಕಿ ಪಕ್ಕದ ಎರಡನೇ ಬೆಂಚಿನ ಪ್ರಾಪ್ತಿಗೆ ಕೊಡುವುದು. ಡೆಸ್ಕಿನ ಮೇಲೆ ಇಟ್ಟರೆ ಮುಟ್ಟುವುದಿಲ್ಲ. ಕೈಗೇ ಕೊಡಬೇಕು. ಓದುತ್ತಾಳೆ, ನಾಲ್ಕಾಗಿ ಮಡಚಿ ಕಂಪಾಸ್ ಬಾಕ್ಸಿಗೆ ಹಾಕುತ್ತಾಳೆ. ನನ್ನ ಮುಖ ನೋಡುವುದಿಲ್ಲ. ನನಗೂ ಅದೇ ಆರಾಮ.

ಚೀಟಿ ನನ್ನದೇ ಐಡಿಯಾ. ಮೊದಲ ದಿನ ಅವಳು ಪಕ್ಕದ ಶಾಝಿಯಾಳನ್ನು ಹನ್ನೊಂದು ಸಲ ಕೇಳಿದಳು, “ನೆಕ್ಸ್ಟ್ ಎಂತ?” ನಾನು ಹಿಂದಿನ ಬೆಂಚಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆ. ಆ ಪ್ರಶ್ನೆ ನನಗೆ ಗೊತ್ತು. ಐದನೇ ಕ್ಲಾಸಿನಿಂದ ಹಾಸ್ಟೆಲ್. ಬೆಲ್ ಹೊಡೆದರೆ ಏಳು, ಬೆಲ್ ಹೊಡೆದರೆ ತಿನ್ನು. ಈಗ ಇಪ್ಪತ್ತೆರಡು, ಬಿ.ಎಡ್. ಮೊದಲ ವರ್ಷ. ಈಗಲೂ ಬೆಲ್ ಕೇಳಿದರೆ ಕೂತಲ್ಲಿಂದ ಎದ್ದು ನಿಲ್ಲುತ್ತೇನೆ.

ಇಂಟರ್ನ್‌ಶಿಪ್ ನಾಲ್ಕು ವಾರ. ಪ್ರತಿಯೊಬ್ಬರೂ ಒಂದು ಮಗುವಿನ ವ್ಯಕ್ತಿ ಅಧ್ಯಯನ ಬರೆದು ರೆಕಾರ್ಡ್ ಕೊಡಬೇಕು. ಹೆಡ್‌ಮಿಸ್ ಉಮಾವತಿ ಮೇಡಂ ನನಗೆ ಪ್ರಾಪ್ತಿಯನ್ನು ಕೊಟ್ಟರು. “ಆಟಿಸಂ ಉಂಟು. ಮಾತು ಕಮ್ಮಿ. ಬುದ್ಧಿಗೆ ಎಂತದೂ ಆಗ್ಲಿಲ್ಲ. ನಿಮಗೆ ಪೇಶನ್ಸ್ ಇದ್ದ ಹಾಗೆ ಕಾಣ್ತದೆ.”

ಪೇಶನ್ಸ್ ಅಲ್ಲ ಮೇಡಂ, ಹೆದರಿಕೆ... ಹೇಳಲಿಲ್ಲ.

ಫೆಬ್ರವರಿ 13, ಗುರುವಾರ

ವೆರಾಂಡದ ಮೆಟ್ಟಿಲಲ್ಲಿ ದಿನಾ ಕೂತಿರುವ ಅಜ್ಜಿ ಯಾರೆಂದು ಇವತ್ತು ತಿಳಿಯಿತು. ಪ್ರಾಪ್ತಿಯ ಅಜ್ಜಿ, ಅಮ್ಮಣಿಯಮ್ಮ. ಏರ್‌ಪೋರ್ಟ್ ಪಕ್ಕದ ಬಜಪೆಯಿಂದ ಎರಡು ಬಸ್ ಹಿಡಿದು ಮೊಮ್ಮಗಳನ್ನು ತರುತ್ತಾರೆ. ಮಧ್ಯಾಹ್ನ ಊಟದ ಗಲಾಟೆ ಮುಗಿಯುವವರೆಗೆ ಇಲ್ಲೇ. ಆಮೇಲೆ ಮನೆ, ಸಂಜೆ ಪುನಃ ಹಾಜರು. ಅಪ್ಪ ಮುಖೇಶ್ ವಿದೇಶದಲ್ಲಿ, ದಮ್ಮಾಮಿನಲ್ಲಿ. ಅಮ್ಮನಿಗೆ ಏರ್‌ಪೋರ್ಟ್ ಕ್ಯಾಂಟೀನಿನಲ್ಲಿ ಶಿಫ್ಟ್.

“ಹೊಸ ಟೀಚರಾ? ಇಷ್ಟು ಸಪೂರ! ಬಜಪೆಗೆ ಬರ್ಬೇಡಿ, ವಿಮಾನದ ಗಾಳಿಗೆ ಹಾರಿ ಹೋಗ್ತೀರಿ.”

ನಕ್ಕೆ. ಅವರು ನಗಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಹೋದ ವರ್ಷ ಸಹ ಒಬ್ರು ಬಂದಿದ್ರು. ನಾಲ್ಕು ವಾರ ಇದ್ದು ಹೋದ್ರು. ಇವಳು ಎರಡು ತಿಂಗಳು ಅವರ ಹೆಸರು ಹೇಳಿ ಹೇಳಿ ಹುಡುಕಿದ್ಳು. ಹೋಗುವಾಗ ಹೇಳಿ ಹೋಗಿ, ಆಯ್ತಾ?”

ಆಯ್ತು ಎಂದೆ.

ಫೆಬ್ರವರಿ 18, ಮಂಗಳವಾರ

ನನ್ನದೇ ತಪ್ಪು. ಬರೆದಿಡುತ್ತೇನೆ.

ಸಮಾಜ ಟೀಚರ್ ರಜೆ. ಬೆಳಿಗ್ಗೆಯೇ ಗೊತ್ತಾಗಿತ್ತು, ಚೀಟಿಯಲ್ಲಿ ತಿದ್ದಲು ಮರೆತೆ. ಮೂರನೇ ಪೀರಿಯಡಿಗೆ ಗಣಿತದ ಲೆಸ್ಟರ್ ಸರ್ ಬಂದರು. ಪ್ರಾಪ್ತಿ ಎದ್ದು ನಿಂತಳು. “ಸಮಾಜ ಅಂತ ಉಂಟು.”

“ಸಮಾಜ ಟೀಚರ್ ಬರ್ಲಿಲ್ಲ ಮಗಾ. ಇವತ್ತು ಗಣಿತ.”

“ಸಮಾಜ ಅಂತ ಉಂಟು. ಸಮಾಜ ಅಂತ ಉಂಟು.” ಸ್ವರ ಏರಿತು. ಹಿಂದಿನ ಬೆಂಚಿನವರು ನಕ್ಕರು. ಅವಳು ಎರಡೂ ಕಿವಿ ಮುಚ್ಚಿಕೊಂಡು ಡೆಸ್ಕಿನ ಅಡಿಗೆ ಹೋದಳು. ಹಣೆಯನ್ನು ಡೆಸ್ಕಿನ ಕಾಲಿಗೆ ಬಡಿದುಕೊಳ್ಳಲು ಶುರು. ನಾನು ಬಾಗಿಲ ಹತ್ತಿರ. ಕಾಲೇಜಿನ ನೋಟ್ಸಿನಲ್ಲಿ ಇದ್ದದ್ದು ಒಂದೂ ನೆನಪಿಗೆ ಬರಲಿಲ್ಲ.

ಶಾಝಿಯಾ ತನ್ನ ಬ್ಯಾಗನ್ನು ಹಣೆಗೂ ಡೆಸ್ಕಿಗೂ ನಡುವೆ ತೂರಿಸಿದಳು. ಹಿಂದೆ ತಿರುಗಿ, “ನಗುದಾದ್ರೆ ಹೊರಗೆ ಹೋಗಿ ನಗಿ.” ಲೆಸ್ಟರ್ ಸರ್ ನೆಲದಲ್ಲಿ ಕೂತರು, ಬಿಳಿ ಪ್ಯಾಂಟಿನಲ್ಲೇ. ಚೀಟಿ ಕೇಳಿದರು. ಹಾಜರಿ ಪುಸ್ತಕದಲ್ಲಿ ತಪ್ಪು ಆದಾಗ ಮಾಡುವ ಹಾಗೆ, ಕೆಂಪು ಪೆನ್ನಿನಲ್ಲಿ ‘ಸಮಾಜ’ಕ್ಕೆ ಒಂದು ಗೆರೆ, ಮೇಲೆ ‘ಗಣಿತ’, ಪಕ್ಕದಲ್ಲಿ ಸಹಿ, ತಾರೀಕು. ಡೆಸ್ಕಿನ ಅಡಿಗೆ ಚಾಚಿದರು. “ನೋಡು. ಸಹಿ ಸಹ ಹಾಕಿದ್ದೇನೆ.”

ಎಂಟು ನಿಮಿಷ. ಹೊರಗೆ ಬಂದಳು. ಸಹಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಪುಸ್ತಕ ತೆಗೆದಳು.

ಸ್ಟಾಫ್ ರೂಮಿನಲ್ಲಿ ನಾನು ಅತ್ತೆ. ಲೆಸ್ಟರ್ ಸರ್ ಟೀ ತಂದು ಇಟ್ಟರು. “ನನಗೂ ಎಂತ ಗೊತ್ತಿರ್ಲಿಲ್ಲ ಮಾರಾಯ್ತಿ. ಹೆಡ್ ಮೇಡಂ ನನ್ನ ರಿಜಿಸ್ಟರಿಗೆ ಮಾಡುದು ಅದನ್ನೇ. ಸುಮ್ಮನೆ ಮಾಡಿದ್ದು.”

ನಾಳೆಯಿಂದ ಚೀಟಿಯ ಅಡಿಯಲ್ಲಿ ಒಂದು ಖಾಲಿ ಸಾಲು. ಬದಲಾದರೆ ಬರೆಯಲು, ಸಹಿಗೆ ಜಾಗ.

ಫೆಬ್ರವರಿ 23, ಆದಿತ್ಯವಾರ

ಬಜಪೆಗೆ ಮನೆ ಭೇಟಿ. ರೆಕಾರ್ಡಿಗೆ ಅದೂ ಬೇಕು. ಅಮ್ಮಣಿಯಮ್ಮ ಕೋರಿ ರೊಟ್ಟಿ ಮಾಡಿ ಕಾದಿದ್ದರು. ಸಪೂರದ ಟೀಚರಿಗೆ ಮೂರು ಸಲ ಬಡಿಸಿದರು.

ವಿಮಾನಗಳು ತಲೆಯ ಮೇಲೇ ಇಳಿಯುತ್ತವೆ. ಗ್ಲಾಸಿನ ನೀರು ನಡುಗುತ್ತದೆ. ಪ್ರಾಪ್ತಿ ತಲೆ ಎತ್ತುವುದೂ ಇಲ್ಲ. ಅದೇ ಬಸ್ ಕಂಡಕ್ಟರ್ ಸೀಟಿ ಊದಿದರೆ ಕಿವಿ ಮುಚ್ಚುತ್ತಾಳಂತೆ. “ವಿಮಾನ ಬರುದು ಮೊದ್ಲೇ ಗೊತ್ತಾಗ್ತದಲ್ಲ ಟೀಚರೇ” ಎಂದರು ಅಮ್ಮಣಿಯಮ್ಮ. “ದೂರದಿಂದ ಹೇಳಿಕೊಂಡು ಬರ್ತದೆ. ಸೀಟಿ ಹಾಗಲ್ಲ.”

ಯಾವ ಟೆಕ್ಸ್ಟ್ ಬುಕ್ಕಿನಲ್ಲೂ ಇದನ್ನು ಓದಿಲ್ಲ. ಅಲ್ಲೇ ನೋಟ್ ಪುಸ್ತಕ ತೆಗೆದು ಬರೆದುಕೊಂಡೆ. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಒಟ್ಟು ಮೂವತ್ತು ಪುಟ ಆಗಿದೆ. ಅವಳಿಗೆ ಒದ್ದೆ ಬಟ್ಟೆ ಆಗುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬರಲು ಸ್ವಲ್ಪ ಹೊತ್ತು ಬೇಕು. ನಡುವೆ ಪುನಃ ಕೇಳಿದರೆ ಎಲ್ಲ ಮೊದಲಿನಿಂದ ಶುರು. ಅಚ್ಚಾದದ್ದು ಏನೇ ಇರಲಿ ಓದುತ್ತಾಳೆ. ಬಿಸ್ಕತ್ ಪ್ಯಾಕೆಟ್, ನೋಟಿಸ್ ಬೋರ್ಡ್, ಮದುವೆ ಕಾಗದ.

ಅಮ್ಮಣಿಯಮ್ಮ ಬಸ್ಸಿನವರೆಗೆ ಬಂದರು. “ಹತ್ತನೇ ಒಂದು ಆಗ್ಲಿ ಇವಳದ್ದು, ಇದೇ ಶಾಲೆಯಲ್ಲಿ. ಜನ ಎಲ್ಲ ಪರಿಚಯ ಆಗಿದ್ದಾರಲ್ಲ. ಪುನಃ ಹೊಸ ಕಡೆ ಶುರು ಮಾಡುದಂದ್ರೆ... ನನ್ನ ಹತ್ರ ಆಗ್ಲಿಕ್ಕಿಲ್ಲ.”

ಮಾರ್ಚ್ 5, ಬುಧವಾರ

ನಾಡಿದ್ದು ರೆಕಾರ್ಡ್ ಸಬ್ಮಿಷನ್. ಕಂಕನಾಡಿಯ ಪೀಜಿಯಲ್ಲಿ ಮಧ್ಯಾಹ್ನದಿಂದ ಕೂತಿದ್ದೇನೆ.

ನಮ್ಮ ಗೈಡ್ ತಾರಾನಾಥ ಸರ್‌ಗೆ ಶುದ್ಧ ಕನ್ನಡ ಬೇಕು. ‘ಅವಲೋಕನ’, ‘ಸಮಸ್ಯೆಯ ಸ್ವರೂಪ’, ‘ಶಿಫಾರಸು’. ನನ್ನ ಮೂವತ್ತು ಪುಟ ಆ ಭಾಷೆಗೆ ಬರುವುದೇ ಇಲ್ಲ. ಹೋದ ವಾರ ನಾಲ್ಕು ಪುಟ ತೋರಿಸಿದೆ. “ಇದೆಂತ ವಾಟ್ಸಾಪ್ ಮೆಸೇಜಾ?” ಎಂದರು. ಎಲ್ಲರ ಎದುರು.

ರೂಮ್‌ಮೇಟ್ ಅನುಷ್ಕಾ ಸೀನಿಯರ್ ಒಬ್ಬರ ರೆಕಾರ್ಡ್ ತಂದಳು. ಆಟಿಸಂ ಇರುವ ಯಾರೋ ಹುಡುಗನದ್ದು. ಫಸ್ಟ್ ಕ್ಲಾಸ್ ಮಾರ್ಕ್ ಬಂದದ್ದು. “ಎಲ್ಲರೂ ಮಾಡುದು ಇದನ್ನೇ ಮಾರಾಯ್ತಿ. ‘ವಿದ್ಯಾರ್ಥಿ’ ಇದ್ದಲ್ಲಿ ‘ವಿದ್ಯಾರ್ಥಿನಿ’ ಮಾಡು, ಮುಗೀತು. ಸರ್ ಇಂಡೆಕ್ಸ್ ನೋಡ್ತಾರೆ, ಪುಟ ನೋಡ್ತಾರೆ. ಓದುವವರು ಯಾರು?”

ಪರಿಚಯದ ಎರಡು ಪುಟ ನಾನೇ ಬರೆದೆ. ಉಳಿದ ಆರು ಪುಟ... ನೋಡಿ ಬರೆದೆ. ಶಿಫಾರಸು ಸಹ. ಕೈ ಬರೆಯುತ್ತಿತ್ತು, ನಾನು ಓದುತ್ತಿರಲಿಲ್ಲ. ಅಕ್ಷರ ಮಾತ್ರ ದುಂಡಗೆ ಬಂದಿದೆ.

ಮಾರ್ಚ್ 7, ಶುಕ್ರವಾರ

ಇಂಟರ್ನ್‌ಶಿಪ್ ಮುಗಿಯಿತು. ಉಮಾವತಿ ಮೇಡಂ ನಮ್ಮ ಎಲ್ಲ ರೆಕಾರ್ಡಿಗೂ ಸಹಿ, ಸೀಲ್ ಹಾಕಿದರು. ನನ್ನದರ ಪುಟ ತಿರುವುತ್ತಾ ಒಂದು ಪುಟದಲ್ಲಿ ಕೈ ನಿಲ್ಲಿಸಿದರು. “ನಮ್ಮ ಫೈಲಿಗೂ ಒಂದಿರ್ಲಿ.” ಎರಡು ಜೆರಾಕ್ಸ್ ತೆಗೆಸಿದರು, ಒಂದು ನನಗೆ ಕೊಟ್ಟರು. ಹೆಮ್ಮೆ ಆಯಿತು. ನಿಜವಾಗಿ ಹೆಮ್ಮೆಯೇ ಆಯಿತು.

ಪ್ರಾಪ್ತಿಗೆ ಹೇಳಿ ಬಂದೆ. ಚೀಟಿಯ ಕೊನೆಯಲ್ಲಿ, ‘ಸೋಮವಾರದಿಂದ ಚೀಟಿ ಬರೆಯುವುದು ಶಾಝಿಯಾ.’ ಓದಿದಳು. “ಸಹಿ” ಎಂದಳು. ಹಾಕಿದೆ.

ಮಾರ್ಚ್ 22, ಶನಿವಾರ

ಕಾಲೇಜ್, ಅಸೈನ್‌ಮೆಂಟ್, ಸೆಮಿನಾರ್. ಹದಿನೈದು ದಿನ ಈ ಪುಸ್ತಕ ತೆರೆದಿರಲಿಲ್ಲ.

ಬೆಳಿಗ್ಗೆ ಅಮ್ಮಣಿಯಮ್ಮನ ಫೋನ್. ನಮಸ್ಕಾರ ಇಲ್ಲ, ಊಟ ಆಯಿತಾ ಇಲ್ಲ.

“ಟೀಚರೇ, ಸಹಕಾರ ಇಲ್ಲ ಅಂದ್ರೆ ಎಂತ?”

ಅರ್ಥ ಆಗಲಿಲ್ಲ.

“ಹೆಡ್ ಮೇಡಂ ಓದಿ ಹೇಳಿದ್ರು. ನೀವು ಬರೆದದ್ದಂತೆ. ಮನೆಯವರ ಸಹಕಾರ ಇಲ್ಲ. ಇವಳು ಮಕ್ಕಳಿಗೆ ಹೊಡೀತಾಳೆ. ಈ ಶಾಲೆ ಆಗುದಿಲ್ಲ, ಸ್ಪೆಶಲ್ ಶಾಲೆಗೆ ಹಾಕುದು ಒಳ್ಳೆದು. ಟೀಸಿ ಕೊಡ್ತಾರಂತೆ ಈಗ. ಶುಕ್ರವಾರ ಬಂದು ಸಹಿ ಹಾಕ್ಲಿಕ್ಕೆ ಹೇಳಿದ್ದಾರೆ. ನನ್ನ ಮನೆಯಲ್ಲಿ ಉಂಡು ಹೋಗಿ ಹಾಗೆ ಬರೆದಿರಾ?”

ನಾನು ಅಜ್ಜೀ, ಅಜ್ಜೀ ಎಂದೆ. ಲೈನ್ ಕಟ್ ಆಯಿತು. ಅವರೇ ಕಟ್ ಮಾಡಿದ್ದು.

ಜೆರಾಕ್ಸ್ ತೆಗೆದು ಓದಿದೆ. ಮೊದಲ ಸಲ ಓದಿದೆ, ನಾನೇ ಬರೆದದ್ದನ್ನು. ‘ಪೋಷಕರ ಸಹಕಾರದ ಕೊರತೆ ಎದ್ದು ಕಾಣುತ್ತದೆ.’

ಮಾರ್ಚ್ 24, ಸೋಮವಾರ

ಅದು ಕಾಪಿ ಎಂದು ಹೇಳಲೆಂದೇ ಶಾಲೆಗೆ ಹೋದೆ. ಬಸ್ಸಿನಲ್ಲಿ ಮೂರು ವಾಕ್ಯ ಬಾಯಿಪಾಠ ಮಾಡಿದ್ದೆ.

ಉಮಾವತಿ ಮೇಡಂ ಕೂತುಕೊಳ್ಳಿ ಎಂದರು. ಟೇಬಲ್ ತುಂಬ ಹಾಲ್ ಟಿಕೆಟ್, ಫೈಲು. ಎರಡು ಪೋಸ್ಟ್ ಖಾಲಿ, ವಿಜ್ಞಾನ ಪಾಠ ಅವರೇ ಮಾಡುತ್ತಾರೆ. ಗೇಟಿನ ಹತ್ತಿರದ ಬೋರ್ಡಿನಲ್ಲಿ ಎಸ್ಸೆಸ್ಸೆಲ್ಸಿಗೆ ನೂರಕ್ಕೆ ನೂರು ಬಂದ ವರ್ಷಗಳ ಪಟ್ಟಿ. ಮ್ಯಾನೇಜ್ಮೆಂಟಿನವರು ಈ ವರ್ಷ ಎರಡು ಸಲ ಪ್ರಾಪ್ತಿಯ ಹೆಸರು ಎತ್ತಿದರಂತೆ.

“ನಿಮ್ಮ ರೆಕಾರ್ಡ್ ನನಗೆ ದೊಡ್ಡ ಉಪಕಾರ ಆಯ್ತು ಮನ್ವಿತಾ. ಮಗುವನ್ನು ಕಳಿಸುದು ನನಗೂ ಇಷ್ಟ ಇಲ್ಲ. ಆದ್ರೆ ಹತ್ತನೇಯಲ್ಲಿ ಯಾರು ನೋಡಿಕೊಳ್ಳುದು? ನಾನೊಬ್ಳೇ ಹೇಳಿದ್ರೆ ಮನಸ್ಸು ಒಪ್ಪುದಿಲ್ಲ. ಹತ್ತಿರದಿಂದ ನೋಡಿದವರು ಅದನ್ನೇ ಬರೆದಾಗ... ಸರಿ, ಅದೇ ಅವಳಿಗೆ ಒಳ್ಳೆದು ಅಂತ ಧೈರ್ಯ ಬಂತು.”

ನಾನು ಹೇಳಿದ್ದು: “ಥ್ಯಾಂಕ್ಯೂ ಮೇಡಂ.”

ಥ್ಯಾಂಕ್ಯೂ!

ಮಾರ್ಚ್ 26, ಬುಧವಾರ

ಮೆಸೇಜ್ ಟೈಪ್ ಮಾಡಿದೆ, ಅಳಿಸಿದೆ. ಪುನಃ ಟೈಪ್, ಪುನಃ ಅಳಿಸು. ಮೇಡಂಗೆ ಆ ಕಡೆ ‘ಟೈಪಿಂಗ್’ ಎಂದು ಕಾಣುತ್ತಿರಬಹುದು ಎಂದು ಹೊಳೆದು ಫೋನ್ ಸ್ವಿಚ್ ಆಫ್ ಮಾಡಿದೆ.

ಅನುಷ್ಕಾ ಹೇಳುತ್ತಾಳೆ, “ನಿನ್ನ ರೆಕಾರ್ಡ್ ಇಲ್ಲದಿದ್ರೂ ಅವರು ಕಳಿಸ್ತಿದ್ರು. ಸುಮ್ಮನೆ ನೀನೇ ಹೋಗಿ ಯಾಕೆ ಬೀಳುದು?” ಅವಳ ಮಾತು ಸುಳ್ಳಲ್ಲ. ಅದನ್ನೇ ಹಿಡಿದುಕೊಂಡು ಮಲಗಲು ನೋಡಿದೆ.

ಮಾರ್ಚ್ 28, ಶುಕ್ರವಾರ

ಹೋದೆ. ಬಾಗಿಲಲ್ಲಿ ನಿಂತು ಎರಡು ಸಲ ಹಿಂದೆ ಬಂದು, ಮೂರನೇ ಸಲ ಒಳಗೆ.

ಉಮಾವತಿ ಮೇಡಂ, ಲೆಸ್ಟರ್ ಸರ್ (ಅವರು ಕ್ಲಾಸ್ ಟೀಚರ್), ಅಮ್ಮಣಿಯಮ್ಮ, ಪ್ರಾಪ್ತಿ. ಅಮ್ಮಣಿಯಮ್ಮ ನನ್ನ ಕಡೆ ತಿರುಗಲಿಲ್ಲ. ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದರು. ಟೇಬಲಿನ ಮೇಲೆ ಟೀಸಿ ಅರ್ಜಿ, ಅದರ ಪಕ್ಕ ನನ್ನ ರೆಕಾರ್ಡಿನ ಜೆರಾಕ್ಸ್.

ಮೇಡಂ ನಿಧಾನಕ್ಕೆ ಹೇಳುತ್ತಿದ್ದರು. ಒಳ್ಳೆಯ ಶಾಲೆ, ವ್ಯಾನ್ ಉಂಟು, ಅಲ್ಲಿ ಇಂಥ ಮಕ್ಕಳೇ ಇರುವುದು. ಅಷ್ಟರಲ್ಲಿ ಪ್ರಾಪ್ತಿ ಜೆರಾಕ್ಸ್ ತೆಗೆದುಕೊಂಡಳು. ಯಾರೂ ತಡೆಯಲಿಲ್ಲ. ಜೋರಾಗಿ ಓದಲು ಶುರು ಮಾಡಿದಳು, ಪಾಠ ಓದುವ ಹಾಗೆ, ಏರಿಳಿತ ಇಲ್ಲದೆ.

“ವಿದ್ಯಾರ್ಥಿನಿಯು ಸಹಪಾಠಿಗಳ ಮೇಲೆ ಕೈ ಮಾಡುತ್ತಾಳೆ.” ನಿಲ್ಲಿಸಿದಳು. “ಮಾಡುದಿಲ್ಲ.”

“ಪ್ರಾಪ್ತಿ...” ಎಂದರು ಮೇಡಂ.

“‘ನೀರಿನಲ್ಲಿ ಆಡುವುದೆಂದರೆ ಬಹಳ ಇಷ್ಟ.’ ಇಲ್ಲ. ‘ಅಕ್ಷರಗಳನ್ನು ಗುರುತಿಸಲು ಕಷ್ಟಪಡುತ್ತಾಳೆ.’” ಇದನ್ನು ತಪ್ಪಿಲ್ಲದೆ ಓದಿದಳು. ಲೆಸ್ಟರ್ ಸರ್ ನೆಟ್ಟಗೆ ಕೂತರು. “‘ಪೋಷಕರ ಸಹಕಾರದ ಕೊರತೆ ಎದ್ದು ಕಾಣುತ್ತದೆ.’ ಅಜ್ಜಿ ದಿನಾ ಬರ್ತಾರೆ. ಅಜ್ಜಿಗೆ ಜ್ವರ ಇದ್ದಾಗ ಸಹ ಬಂದಿದ್ದಾರೆ, ಜನವರಿ ಹದಿನಾರು.” ಪುಟ ಮಡಚಿದಳು. “ಇದು ನಾನಲ್ಲ.”

ಮೇಡಂ ಮೆಲ್ಲನೆ ಹೇಳಿದರು, “ಟೀಚರ್ ನೋಡಿಯೇ ಬರೆದದ್ದು ಮಗಾ.”

ಪ್ರಾಪ್ತಿ ಎದ್ದು ಬಂದು ಅದನ್ನು ನನ್ನ ಕೈಗೆ ಕೊಟ್ಟಳು. ಮುಖ ನೋಡಲಿಲ್ಲ. ಕಾಯುತ್ತಾ ನಿಂತಳು.

ಬಾಯಿಪಾಠ ಮಾಡಿದ ಮೂರು ವಾಕ್ಯ ಎಲ್ಲಿಗೋ ಹೋಗಿತ್ತು. “ಅವಳು ಹೇಳುದು ಸರಿ ಮೇಡಂ. ಇದು ಬೇರೆ ಹುಡುಗನದ್ದು. ಸೀನಿಯರ್ ರೆಕಾರ್ಡ್ ನೋಡಿ ಬರೆದೆ. ಎಲ್ಲ... ಕಾಪಿ.”

ಮೇಡಂ ಕನ್ನಡಕ ತೆಗೆದರು. “ಇದಕ್ಕೆ ನನ್ನ ಸೀಲ್ ಉಂಟು.”

“ಹೌದು ಮೇಡಂ.”

“ಸೋಮವಾರ ಬಂದಾಗ ಹೇಳ್ಬಹುದಿತ್ತಲ್ಲ?”

“ಹೆದರಿಕೆ ಆಯ್ತು ಮೇಡಂ.”

ಆಗ ಅಮ್ಮಣಿಯಮ್ಮ ತಿರುಗಿದರು. “ಹಾಗಾದ್ರೆ ನನ್ನ ಮನೆಯಲ್ಲಿ ಕೂತು ಪುಸ್ತಕದಲ್ಲಿ ಬರೀತಿದ್ರಲ್ಲ, ಅದೆಂತ?”

“ಅದು ಇವಳದ್ದೇ ಅಜ್ಜಿ. ಮೂವತ್ತು ಪುಟ ಉಂಟು. ನನ್ನ ಹತ್ರ ಉಂಟು.”

“ಅದನ್ನು ಯಾಕೆ ಕೊಡ್ಲಿಲ್ಲ?”

ಭಾಷೆ ಚೆನ್ನಾಗಿರಲಿಲ್ಲ ಎಂದು ಹೇಗೆ ಹೇಳುವುದು ಆ ಹೆಂಗಸಿಗೆ.

ಮೇಡಂ ಟೀಸಿ ಅರ್ಜಿಯನ್ನು ಡ್ರಾಯರಿಗೆ ಹಾಕಿದರು. ಹರಿಯಲಿಲ್ಲ, ಹಾಕಿದರು ಅಷ್ಟೇ. “ಬುಧವಾರದೊಳಗೆ ಆ ಮೂವತ್ತು ಪುಟದಿಂದ ನನಗೆ ಎರಡು ಪುಟ ಬೇಕು. ಅವಳ ಸಮಸ್ಯೆ ಬೇಡ. ಹತ್ತನೇಯಲ್ಲಿ ಯಾರು, ಯಾವಾಗ, ಎಂತ ಮಾಡ್ಬೇಕು, ಅದು. ಆಗುದಿಲ್ಲ ಅಂತ ಕಂಡ್ರೆ ಶಾಲೆ ಬದಲಾಯಿಸುದೇ. ಮತ್ತೆ, ನಿಮ್ಮ ಕಾಲೇಜಿಗೆ ನಾನು ಫೋನ್ ಮಾಡ್ತೇನೆ.”

ಮಾರ್ಚ್ 29, ಶನಿವಾರ

ತಾರಾನಾಥ ಸರ್ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ರೆಕಾರ್ಡ್ ರದ್ದು. ಇಂಟರ್ನ್‌ಶಿಪ್ ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಪುನಃ. ಸೋಮವಾರ ರಜೆ, ಮಂಗಳವಾರದಿಂದ ಎಲ್ಲರ ರೆಕಾರ್ಡೂ ಲೈನ್ ಟು ಲೈನ್ ಓದುತ್ತಾರಂತೆ.

ಅನುಷ್ಕಾ ಮಾತಾಡುತ್ತಿಲ್ಲ. ಬಟ್ಟೆ ಮಡಚುತ್ತಾ ಗೋಡೆಗೆ ಹೇಳಿದಳು, “ಕೆಲವರಿಗೆ ತಾವು ಮುಳುಗಿದ್ರೆ ಸಾಕಾಗುದಿಲ್ಲ.” ಮನೆಗೆ ಇನ್ನೂ ಹೇಳಿಲ್ಲ. ಅಪ್ಪನಿಗೆ ಏನು ಹೇಳಲಿ...

ಏಪ್ರಿಲ್ 1, ಮಂಗಳವಾರ

ಶಾಲೆಯ ವೆರಾಂಡದಲ್ಲಿ ಬರೆಯುತ್ತಿದ್ದೇನೆ. ಎದುರಿಗೆ ಪ್ರಾಪ್ತಿ, ಪಕ್ಕದಲ್ಲಿ ಶಾಝಿಯಾ. ನಿನ್ನೆ ಈದ್ ಹಬ್ಬ, ಶಾಝಿಯಾ ಡಬ್ಬಿ ತುಂಬ ತಿಂಡಿ ತಂದಿದ್ದಾಳೆ. ಅಮ್ಮಣಿಯಮ್ಮ ದೂರದ ಮೆಟ್ಟಿಲಲ್ಲಿ, ನಮಗೆ ಬೆನ್ನು ಹಾಕಿ.

ಒಂದೊಂದು ವಾಕ್ಯ ಬರೆದು ಪ್ರಾಪ್ತಿಗೆ ಕೊಡುವುದು. ಓದುತ್ತಾಳೆ. “ಹೌದು” ಅಥವಾ “ಅಲ್ಲ”.

‘ಬೆಲ್ ಹೊಡೆಯುವ ಎರಡು ನಿಮಿಷ ಮೊದಲು ಕ್ಲಾಸ್ ಲೀಡರ್ ಹೇಳಬೇಕು.’ ಹೌದು.

‘ಬ್ಯಾಂಡ್ ಪ್ರಾಕ್ಟೀಸ್ ಇದ್ದಾಗ ಲೈಬ್ರರಿಯಲ್ಲಿ ಕೂರಿಸಬೇಕು.’ ಅಲ್ಲ.

“ಯಾಕೆ ಅಲ್ಲ?” ಕಾದೆ. ಪುನಃ ಕೇಳಲಿಲ್ಲ. ಶಾಝಿಯಾ ಏನೋ ಹೇಳಹೊರಟಳು, ತಡೆದೆ.

“ಬ್ಯಾಂಡ್ ಬೇಕು. ಯಾವಾಗ ಅಂತ ಹೇಳ್ಬೇಕು. ಡ್ರಮ್ ಎಷ್ಟು ಸಲ ಅಂತ ಹೇಳ್ಬೇಕು.”

ನಾಲ್ಕು ವಾರ ಅವಳನ್ನು ಲೈಬ್ರರಿಗೆ ಕರೆದುಕೊಂಡು ಹೋಗುತ್ತಿದ್ದವಳು ನಾನೇ. ಗೆರೆ ಎಳೆದು ತಿದ್ದಿದೆ. ಸಹಿ ಕೇಳಿದಳು, ಹಾಕಿದೆ.

ಲೆಸ್ಟರ್ ಸರ್ ಹೋಗುತ್ತಾ ಬಗ್ಗಿ ನೋಡಿದರು. “ಕೊನೆಗೆ ನನ್ನ ಹೆಸರು ಸಹ ಬರೆಯಿರಿ. ಪರೀಕ್ಷೆಗೆ ಹೆಚ್ಚು ಸಮಯ ಸಿಗ್ತದಲ್ಲ, ಆ ಅರ್ಜಿ ನಾನು ನೋಡಿಕೊಳ್ತೇನೆ. ಪೆನ್ನಲ್ಲಿ ಬರೆಯಿರಿ, ಪೆನ್ಸಿಲ್ ಬೇಡ. ಮತ್ತೆ ನಾನೇ ಉಲ್ಟಾ ಹೊಡೀಬಾರ್ದಲ್ಲ.”

ಏಪ್ರಿಲ್ 2, ಬುಧವಾರ

ಎರಡು ಪುಟ ಕೊಟ್ಟೆ. ವಾಟ್ಸಾಪ್ ಭಾಷೆಯೇ. ಮೇಡಂ ನಿಂತುಕೊಂಡೇ ಓದಿದರು, ಆಮೇಲೆ ಕೂತು ಇನ್ನೊಮ್ಮೆ.

“ಇದರಲ್ಲಿ ನಮ್ಮಿಂದ ಆಗದ್ದು ಒಂದೂ ಇಲ್ಲ” ಎಂದರು. ಸಿಟ್ಟಿನಲ್ಲಿ ಹೇಳಿದ ಹಾಗಿತ್ತು. “ಮ್ಯಾನೇಜ್ಮೆಂಟಿನವರ ಹತ್ರ ನಾನು ಮಾತಾಡ್ತೇನೆ. ನೀವು ಹೋಗಿ.”

ಏಪ್ರಿಲ್ 9, ಬುಧವಾರ, ಮಧ್ಯಾಹ್ನ

ಬಸ್‌ಸ್ಟಾಪಿನ ಕಟ್ಟೆಯಲ್ಲಿ ಕೂತು ಬರೆಯುತ್ತಿದ್ದೇನೆ. ಪೀಜಿಗೆ ಹೋದರೆ ಬರೆಯಲು ಆಗಲಿಕ್ಕಿಲ್ಲ.

ಇವತ್ತು ಪಾಸಾಗಿ ಹತ್ತನೇಗೆ ಇಲ್ಲೇ ಮುಂದುವರಿಯುವವರ ಪಟ್ಟಿ. ಯಾರೂ ಕರೆದಿರಲಿಲ್ಲ, ಬಂದೆ. ನೋಟಿಸ್ ಬೋರ್ಡಿನ ಎದುರು ನೂಕುನುಗ್ಗಲು. ಅಮ್ಮಣಿಯಮ್ಮನಿಗೆ ಕನ್ನಡ ಅಕ್ಷರ ಬರುವುದಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ಸೆರಗು ತಾಗುವಷ್ಟು ಹತ್ತಿರ. ಅವರು ನನ್ನನ್ನು ದಾಟಿ ಯಾರೋ ಗೊತ್ತಿಲ್ಲದ ಹುಡುಗಿಯನ್ನು ಕರೆದರು. “ಮಗಾ, ಒಮ್ಮೆ ಓದಿ ಹೇಳ್ತೀಯಾ?”

ಹುಡುಗಿ ಓದುವ ಮೊದಲೇ ಪ್ರಾಪ್ತಿ ಓದಿದಳು. “ಹತ್ತನೇ ಬಿ. ಇಪ್ಪತ್ತಾರು. ಪ್ರಾಪ್ತಿ ಎಂ.”

ಅಮ್ಮಣಿಯಮ್ಮ ಬೋರ್ಡಿನ ಗಾಜಿಗೆ ಕೈ ಇಟ್ಟರು.

ಬಸ್‌ಸ್ಟಾಪಿಗೆ ಅವರ ಹಿಂದೆಯೇ ಬಂದೆ, ಹತ್ತು ಹೆಜ್ಜೆ ದೂರದಲ್ಲಿ. ಅವರಾಗಿ ತಿರುಗಿದರು.

“ಆ ಕಾಗದ ಎಂತ ಮಾಡಿದ್ರಿ?”

“ಕಾಲೇಜಿನಲ್ಲಿ ರದ್ದು ಮಾಡಿದ್ದಾರೆ ಅಜ್ಜಿ.”

“ರದ್ದು ನನಗೆ ಕಾಣುದಿಲ್ಲ. ನನ್ನ ಕಣ್ಣೆದುರು ಹರೀಬೇಕಿತ್ತು.”

ಬ್ಯಾಗಿನಲ್ಲಿ ನನ್ನ ಜೆರಾಕ್ಸ್ ಇತ್ತು. ಆವತ್ತಿನಿಂದ ಬಿಸಾಡಲು ಧೈರ್ಯ ಬಂದಿರಲಿಲ್ಲ. ತೆಗೆದು ಕೊಟ್ಟೆ. ಅಮ್ಮಣಿಯಮ್ಮ ಅದನ್ನು ಹಿಂದೆ ಮುಂದೆ ನೋಡಿದರು. ಹರಿಯಲು ಹೊರಟವರು ನಿಂತು, ಪ್ರಾಪ್ತಿಗೆ ಕೊಟ್ಟರು. “ನಿನ್ನ ಮೇಲೆ ಬರೆದದ್ದು. ನೀನೇ ಹರಿ.”

ಪ್ರಾಪ್ತಿ ಪುಟ ತಿರುವಿದಳು. ಒಂದು, ಎರಡು, ಎಂಟೂ ಪುಟ.

“ಹಿಂದಿನ ಬದಿ ಖಾಲಿ ಉಂಟು” ಎಂದಳು. “ಲೆಕ್ಕ ಮಾಡ್ಲಿಕ್ಕೆ ಆಗ್ತದೆ.”

ಬ್ಯಾಗಿಗೆ ಹಾಕಿದಳು. ಜಿಪ್ ಎಳೆದಳು.

ಅಮ್ಮಣಿಯಮ್ಮ ನನ್ನನ್ನು ನೋಡಿದರು. ಬಾಯಿಗೆ ಸೆರಗು ಒತ್ತಿಕೊಂಡರು, ತಡೆಯಲಾಗಲಿಲ್ಲ, ನಕ್ಕೇಬಿಟ್ಟರು, ಬಸ್‌ಸ್ಟಾಪಿನಲ್ಲಿದ್ದವರೆಲ್ಲ ತಿರುಗುವಷ್ಟು ಜೋರಾಗಿ. ನನಗೂ ನಗು ಬಂತು, ಅದರ ಜೊತೆಗೇ ಅಳುವೂ.